ಡೈರಿ ಒಬ್ಬರೇ ಬರೆಯಲಿ, ಒಬ್ಬರೇ ಓದುವುದು ಬೇಡ

ಮಾನ್ಯ ಸಂಪಾದಕರೇ,

ಆಪ್ತಸಮಾಲೋಚಕರು ಸೆಷನ್ ಮುಗಿದ ಮೇಲೆ ಡೈರಿ ಬರೆಯಬೇಕೆಂಬ ಸಲಹೆ ಮಾನಸಿಕ ಆರೋಗ್ಯದ ಅಂಕಣಗಳಲ್ಲಿ ಮೇಲಿಂದ ಮೇಲೆ ಕಾಣಿಸುತ್ತಿದೆ. ಸಲಹೆ ಒಳ್ಳೆಯದೇ. ಆದರೆ ಜೊತೆಗೆ ಕೊಡುವ ಪ್ರಶ್ನೆಗಳು ಎಲ್ಲ ಕಡೆ ಒಂದೇ: ಏನು ನಡೆಯಿತು, ನನಗೇನನ್ನಿಸಿತು, ಮುಂದಿನ ಸಲ ಏನು ಬದಲಿಸುತ್ತೇನೆ. ಅನುಭವವನ್ನು ಹಿಂದಿರುಗಿ ನೋಡಿ ಕಲಿಯಲು ಶಿಕ್ಷಣತಜ್ಞ ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ ಆರು ಹಂತಗಳ ಚಕ್ರವನ್ನು ಹಿಂಡಿದರೆ ಸಿಗುವ ರಸ ಇಷ್ಟೇ. ಈ ಪ್ರಶ್ನೆಗಳ ಪ್ರಕಾರ ಕೋಣೆಯಲ್ಲಿ ಇರುವವರು ಇಬ್ಬರು, ಅವರಲ್ಲೂ ಡೈರಿಗೆ ಬರುವವರು ಒಬ್ಬರು. ಆಫ್ರಿಕಾ ಕೇಂದ್ರಿತ ಮನಃಶಾಸ್ತ್ರವನ್ನು, ಅಂದರೆ ಆಫ್ರಿಕಾ ಮೂಲದವರ ಮನಸ್ಸನ್ನು ಅವರದೇ ಜೀವನದೃಷ್ಟಿಯಿಂದ ಓದುವ ವಿದ್ಯೆಯನ್ನು, ನಂಬಿ ಕೆಲಸ ಮಾಡುವವರು ಇದೇ ನಮೂನೆಯನ್ನು ಎತ್ತಿಕೊಂಡು ಮೇಲ್ಗಡೆ ‘ಉಬುಂಟು’ (ಇತರರಿಂದಲೇ ಮನುಷ್ಯ ಮನುಷ್ಯನಾಗುತ್ತಾನೆ ಎಂಬ ಆಫ್ರಿಕಾದ ವಿಚಾರ) ಎಂದು ಬರೆದುಕೊಂಡರೆ ಹೊಸದೇನೂ ಆಗುವುದಿಲ್ಲ. ಪ್ರಶ್ನೆಗಳೇ ಬದಲಾಗಬೇಕು. ಅದಕ್ಕಿಂತ ಮುಖ್ಯವಾಗಿ, ಬರೆದದ್ದನ್ನು ಯಾರು ಓದುತ್ತಾರೆ ಎಂಬುದು ಬದಲಾಗಬೇಕು.

ಈ ಮನಃಶಾಸ್ತ್ರ ಎಲ್ಲಿಂದ ಬಂತೆಂದು ತಿಳಿಯದೆ ಡೈರಿಯ ವಿಷಯ ಅರ್ಥವಾಗುವುದು ಕಷ್ಟ. 1851ರಲ್ಲಿ ಅಮೆರಿಕದ ಲೂಸಿಯಾನಾದ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್, ಗುಲಾಮರು ಓಡಿಹೋಗುವುದು ಒಂದು ಮನೋರೋಗ ಎಂದು ಬರೆದು ಅದಕ್ಕೆ ‘ಡ್ರಾಪೆಟೋಮೇನಿಯಾ’ ಎಂದು ಹೆಸರಿಟ್ಟ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ನೀತಿಯನ್ನು ಕಟ್ಟಿ ನಿಲ್ಲಿಸಿದ ಹೆಂಡ್ರಿಕ್ ವೆರ್ವೂರ್ಡ್ ರಾಜಕೀಯಕ್ಕೆ ಬರುವ ಮೊದಲು ಸ್ಟೆಲ್ಲೆನ್‌ಬಾಷ್ ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಮನಃಶಾಸ್ತ್ರದ ಪ್ರಾಧ್ಯಾಪಕನಾಗಿದ್ದ. ಅಳೆಯುವವರ ಕೈಯಲ್ಲಿದ್ದ ಕೋಲು ಎಂಥದೆಂದು ತೋರಿಸಲು ಈ ಎರಡು ಸಂಗತಿ ಸಾಕು. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಪ್ಪು ಮನಃಶಾಸ್ತ್ರಜ್ಞರು ಅಮೆರಿಕದ ಮುಖ್ಯ ಸಂಘದಿಂದ ಹೊರಬಂದು ತಮ್ಮದೇ ಸಂಘ ಕಟ್ಟಿದರು. 1970ರಲ್ಲಿ ಜೋಸೆಫ್ ವೈಟ್, 1972ರಲ್ಲಿ ವೇಡ್ ನೋಬಲ್ಸ್ ಬರೆದ ಲೇಖನಗಳು ಇದಕ್ಕೆ ತಳಪಾಯ ಹಾಕಿದವು. ಬಿಳಿಯರ ಅಳತೆಯಲ್ಲಿ ‘ಕೊರತೆ’ ಎಂದು ಕಾಣುವುದನ್ನು ಆಫ್ರಿಕಾದ ಜೀವನದೃಷ್ಟಿಯೊಳಗಿನಿಂದಲೇ ಓದಬೇಕು ಎಂಬುದು ಅವರ ವಾದ. ಮುಖ್ಯ ಸಂಘ ತನ್ನ ಪಾಲಿನ ತಪ್ಪಿಗೆ ಕ್ಷಮೆ ಕೇಳಿದ್ದು 2021ರ ಅಕ್ಟೋಬರ್‌ನಲ್ಲಿ. ಅರ್ಧ ಶತಮಾನ ತಡವಾಗಿ ಎನ್ನಿ.

ಖಂಡದ ಒಳಗೆ ಬೇರೊಂದು ಹೊಳೆ ಹರಿಯುತ್ತಿತ್ತು. ನೈಜೀರಿಯಾದ ಅಬೆಯೊಕುಟಾ ಬಳಿಯ ಅರೊದಲ್ಲಿ ಮನೋವೈದ್ಯ ಥಾಮಸ್ ಅಡೆಯೊಯೆ ಲ್ಯಾಂಬೊ 1954ರಲ್ಲಿ ರೋಗಿಗಳನ್ನು ಗೋಡೆಯೊಳಗೆ ಕೂಡಿಹಾಕದೆ, ಬಂಧುಗಳ ಜೊತೆ ಸುತ್ತಲಿನ ಹಳ್ಳಿಗಳಲ್ಲಿ ಇರಿಸಿ ಚಿಕಿತ್ಸೆ ಕೊಡುವ ಪದ್ಧತಿ ಶುರು ಮಾಡಿದರು. ಅಲ್ಜೀರಿಯಾದ ಬ್ಲಿಡಾ ಮನೋರೋಗ ಆಸ್ಪತ್ರೆಯಲ್ಲಿ ಮನೋವೈದ್ಯ ಫ್ರಾಂಟ್ಜ್ ಫ್ಯಾನನ್ ಕೆಲಸಕ್ಕೆ ಸೇರಿದ್ದು 1953ರಲ್ಲಿ. ಅವರ ಅಲ್ಲಿನ ಮೊದಲ ಪ್ರಯೋಗವನ್ನು ಡೈರಿ ಬರೆಯುವ ಪ್ರತಿಯೊಬ್ಬ ಸಮಾಲೋಚಕರೂ ತಿಳಿದಿರಬೇಕು. ಯುರೋಪಿಯನ್ ಮಹಿಳೆಯರ ವಾರ್ಡಿನಲ್ಲಿ ಹಬ್ಬ, ಸಿನಿಮಾ, ಪತ್ರಿಕೆ ಎಲ್ಲ ಚೆನ್ನಾಗಿ ನಡೆದವು. ಅದೇ ಕಾರ್ಯಕ್ರಮವನ್ನು ಮುಸ್ಲಿಂ ಗಂಡಸರ ವಾರ್ಡಿಗೆ ತಂದಾಗ ಯಾರೂ ಮಿಸುಕಲಿಲ್ಲ. ‘ಇವರಿಗೆ ಆಸಕ್ತಿಯಿಲ್ಲ’ ಎಂದು ಫೈಲು ಮುಚ್ಚುವುದು ಸುಲಭವಿತ್ತು. ಫ್ಯಾನನ್ ಮತ್ತು ಅವರ ಕಿರಿಯ ಸಹೋದ್ಯೋಗಿ ಜಾಕ್ ಅಜೂಲೇ 1954ರಲ್ಲಿ ಆ ಸೋಲನ್ನೇ ಬರೆದು ಪ್ರಕಟಿಸಿದರು: ತಪ್ಪು ರೋಗಿಗಳದ್ದಲ್ಲ, ಅವರ ಬದುಕನ್ನು ಕೇಳಿ ತಿಳಿಯದೆ ನಮ್ಮ ಬದುಕನ್ನು ಅವರ ಮೇಲೆ ಹೇರಿದ್ದು ನಮ್ಮ ತಪ್ಪು. ಆಮೇಲೆ ಆ ವಾರ್ಡಿಗೆ ಕಾಫಿಕಟ್ಟೆ ಬಂತು, ಕಥೆ ಹೇಳುವವನು ಬಂದ, ಮುಸ್ಲಿಂ ಹಬ್ಬಗಳು ಬಂದವು. ಅವರು ಬರೆದದ್ದು ‘ನನಗೆ ಬೇಸರವಾಯಿತು’ ಎಂದಲ್ಲ, ‘ನನ್ನ ಕೋಲು ಯಾವುದು’ ಎಂದು. ಮುಂದೆ ಹೇಳುವ ವಿಧಾನವೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ.

ಈಗ ಡೈರಿಗೆ ಬರೋಣ. ಬೇಕಾಗುವುದು ಗಟ್ಟಿ ಬೈಂಡಿನ 200 ಪುಟದ ಗೆರೆಯ ನೋಟ್‌ಬುಕ್ಕು, ಎರಡು ಬಣ್ಣದ ಪೆನ್ನು. ಬಿಡಿಹಾಳೆ ಬೇಡ, ಏಕೆಂದರೆ ಮನಸ್ಸಿಗೆ ಒಗ್ಗದ ಹಾಳೆಯೇ ಮೊದಲು ಕಳೆದುಹೋಗುತ್ತದೆ. ಪುಸ್ತಕ ಬಿಚ್ಚಿದಾಗ ಎಡಪುಟ ಕಂಡದ್ದು ಕೇಳಿದ್ದಕ್ಕೆ, ಬಲಪುಟ ನೀವು ಅಳೆದದ್ದಕ್ಕೆ. ಬಲಪುಟದ ಅಂಚಿನಲ್ಲಿ ಎರಡು ಇಂಚು ಖಾಲಿ ಬಿಡಿ. ಅದರ ಕೆಲಸ ತಿಂಗಳ ಕೊನೆಗೆ. ಸಮಯ ಸೆಷನ್ ನಡೆದ ದಿನವೇ 12ರಿಂದ 15 ನಿಮಿಷ. ಒಂದರ ಹಿಂದೊಂದು ಸೆಷನ್ ಇದ್ದರೆ ನಡುವಿನ ಬಿಡುವಿನಲ್ಲಿ ಎಡಪುಟದ ಮೂರು ಸಾಲು ಮಾತ್ರ ಗೀಚಿಕೊಂಡು, ಬಲಪುಟವನ್ನು ಸಂಜೆಗೆ ಇಟ್ಟುಕೊಳ್ಳಬಹುದು. ಮರುದಿನಕ್ಕೆ ಹೋದರೆ ಮಾತು ಮರೆತು ತೀರ್ಪು ಮಾತ್ರ ಉಳಿದಿರುತ್ತದೆ.

ಎಡಪುಟದಲ್ಲಿ ಐದಾರು ಸಾಲಿಗಿಂತ ಹೆಚ್ಚು ಬೇಡ. ಅದರಲ್ಲಿ ಒಂದಾದರೂ ಬಂದವರ ಬಾಯಿಂದ ಬಂದ ಮಾತು, ಅವರದೇ ಭಾಷೆಯಲ್ಲಿ, ಉಚ್ಚಾರಣೆ ಕೇಳಿ ಬರೆದುಕೊಂಡದ್ದಾಗಿರಬೇಕು. ಜಿಂಬಾಬ್ವೆಯ ಶೋನಾ ಭಾಷಿಕರು ‘ಕುಫುಂಗಿಸಿಸ’ ಎನ್ನುತ್ತಾರೆ: ಅತಿಯಾಗಿ ಯೋಚಿಸುವುದು. ಎಡಪುಟದಲ್ಲಿ ಅದನ್ನು ‘ಖಿನ್ನತೆ’ ಎಂದು ಬರೆದರೆ ಆ ಪುಟ ಅಲ್ಲಿಗೇ ಕೆಟ್ಟಿತು. ಕುಫುಂಗಿಸಿಸ ರೋಗದ ಹೆಸರೂ ಹೌದು, ಕಾರಣವೂ ಹೌದು. ಯೋಚನೆ ಹೆಚ್ಚಾದ್ದರಿಂದ ಮೈ ಕೆಟ್ಟಿತು ಎಂಬ ವಿವರಣೆ ಆ ಪದದೊಳಗೇ ಇದೆ. ಅಮೆರಿಕದ ಮನೋವೈದ್ಯರ ರೋಗಪಟ್ಟಿಯ ಐದನೆಯ ಆವೃತ್ತಿ ಕೂಡ 2013ರಲ್ಲಿ ಈ ಪದವನ್ನು ಸೇರಿಸಿಕೊಂಡಿತು. ಅವರ ಪಟ್ಟಿಗೆ ಬಂದ ಪದ ನಮ್ಮ ನೋಟ್‌ಬುಕ್ಕಿಗೆ ಬರಲು ಸಂಕೋಚವೇಕೆ?

ಬಲಪುಟಕ್ಕೆ ನಾಲ್ಕು ಪ್ರಶ್ನೆ. ಮೊದಲನೆಯದು: ಕೋಣೆಯಲ್ಲಿ ಇನ್ನೂ ಯಾರಿದ್ದರು? ಫೋನಿನಲ್ಲಿ ಕಾಯುತ್ತಿರುವ ಚಿಕ್ಕಮ್ಮ, ಫೀಸು ಕಟ್ಟಲು ದನ ಮಾರಿದ ಅಜ್ಜ, ತೀರಿಹೋದ ಅಣ್ಣ, ಇನ್ನೂ ಹುಟ್ಟದ ಮಗು. ದಕ್ಷಿಣ ಆಫ್ರಿಕಾದ ಜುಲು ಭಾಷೆಯ ‘ಉಮುಂತು ನ್‌ಗುಮುಂತು ನ್‌ಗಬಂತು’ ಎಂಬ ಗಾದೆಯ ಅರ್ಥ ಮನುಷ್ಯ ಮನುಷ್ಯನಾಗುವುದು ಇತರ ಮನುಷ್ಯರಿಂದ ಎಂದು. ಇದನ್ನು ಪೋಸ್ಟರ್ ಮಾಡಿ ಗೋಡೆಗೆ ತೂಗುಹಾಕುವುದಕ್ಕಿಂತ ಈ ಹೆಸರುಗಳನ್ನು ಒಂದೊಂದಾಗಿ ಬರೆಯುವುದು ಕಷ್ಟ, ಉಪಯೋಗವೂ ಹೆಚ್ಚು. ಎರಡನೆಯದು: ಇವತ್ತು ಯಾವ ಕೋಲಿನಿಂದ ಅಳೆದೆ? ‘ಇಷ್ಟು ದೊಡ್ಡವನಾದರೂ ಮನೆಯವರನ್ನು ಕೇಳಿಯೇ ತೀರ್ಮಾನ ಮಾಡುತ್ತಾನೆ’ ಎಂದು ಮನಸ್ಸಿಗೆ ಬಂದಿದ್ದರೆ, ಕೇಳದೆ ತೀರ್ಮಾನ ಮಾಡುವುದೇ ಪ್ರಬುದ್ಧತೆ ಎಂದು ಎಲ್ಲಿ ಕಲಿತದ್ದು, ಯಾವ ಪಠ್ಯದಲ್ಲಿ ಎಂದು ಬರೆಯಬೇಕು. ಮೂರನೆಯದು: ಅಧಿಕಾರ ಎಲ್ಲಿ ಕೂತಿತ್ತು? ಗಡಿಯಾರ ಯಾರ ಕಡೆ ಮುಖ ಮಾಡಿತ್ತು, ಮಾತಾಡಿದ ಭಾಷೆ ಯಾರದು, ಪಾಸ್‌ಪೋರ್ಟು, ಮೈಬಣ್ಣ, ಫೀಸು. ನಾಲ್ಕನೆಯದು: ನಾನು ಏನು ಪಡೆದೆ?

ಈ ನಾಲ್ಕನೆಯದನ್ನು ಹತ್ತರಲ್ಲಿ ಎಂಟು ಜನ ಖಾಲಿ ಬಿಡುತ್ತಾರೆ ಎಂದರೆ ಉತ್ಪ್ರೇಕ್ಷೆಯಾದೀತು, ಆದರೆ ಹೆಚ್ಚು ಖಾಲಿ ಉಳಿಯುವುದು ಇದೇ. ಕೊಡುವವರು ನಾವು, ಪಡೆಯುವವರು ಅವರು ಎಂಬ ಅಭ್ಯಾಸ ಅಷ್ಟು ಗಟ್ಟಿ. ಪ್ರಾಚೀನ ಈಜಿಪ್ಟಿನ ‘ಮಾಟ್’ ಎಂಬ ಕಲ್ಪನೆಯನ್ನು ಅಮೆರಿಕದ ಕಪ್ಪು ಮನಃಶಾಸ್ತ್ರಜ್ಞರು ಬಹಳ ಬಳಸುತ್ತಾರೆ. ಸತ್ಯ, ನ್ಯಾಯ, ಸಮತೋಲದ ಜೊತೆಗೆ ಕೊಟ್ಟು ತೆಗೆದುಕೊಳ್ಳುವುದೂ ಅದರಲ್ಲಿ ಸೇರಿದೆ. ಶೋನಾ ಭಾಷೆಯಲ್ಲಿ ಬೆಳಿಗ್ಗೆ ‘ಮರಾರ ಸೆಯಿ’, ಹೇಗೆ ಮಲಗಿದ್ದಿರಿ, ಎಂದು ಕೇಳಿದರೆ ಬರುವ ಉತ್ತರ ‘ನ್ದರಾರ ಕನ ಮರಾರವೊ’: ನೀವು ಚೆನ್ನಾಗಿ ಮಲಗಿದ್ದರೆ ನಾನೂ ಮಲಗಿದೆ. ಆ ಒಂದು ‘ಮಲಗಿದ್ದರೆ’ಯೊಳಗೆ ಇಡೀ ಮನಃಶಾಸ್ತ್ರವಿದೆ. ಆ ಪ್ರಶ್ನೆಗೆ ಬರೆಯಲು ಏನೂ ತೋಚದಿದ್ದರೆ ಹೀಗೆ ಶುರು ಮಾಡಿ: ಇವರು ನನ್ನ ಮುಂದೆ ಕೂತಿದ್ದಾಗ ನನ್ನ ದಿನ ಹೇಗಿತ್ತು?

ಬರೆಯುವ ಭಾಷೆಯ ಬಗ್ಗೆ ಒಂದು ಮಾತು. ಬಲಪುಟವನ್ನು ಸಮಾಲೋಚಕರು ತಮ್ಮ ತಾಯ್ನುಡಿಯಲ್ಲೇ ಬರೆಯಬೇಕು, ಕನ್ನಡಿಗರಾದರೆ ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ‘ಬೌಂಡರಿ ಇಶ್ಯೂ’ ಎಂದು ಎರಡು ಪದದಲ್ಲಿ ಮುಗಿಯುವುದು ಕನ್ನಡದಲ್ಲಿ ‘ಅವಳ ಚಿಕ್ಕಮ್ಮ ದಿನಾ ಎರಡು ಸಲ ಫೋನ್ ಮಾಡುವುದು ನನಗೆ ಸೇರಲಿಲ್ಲ’ ಎಂದಾಗುತ್ತದೆ. ಎರಡನೆಯ ವಾಕ್ಯದಲ್ಲಿ ಯಾರಿಗೆ ಸೇರಲಿಲ್ಲ ಎಂಬುದು ಮುಚ್ಚಿಡಲಾಗುವುದಿಲ್ಲ. ಪರಿಭಾಷೆ ಹೊದಿಕೆಯಾಗುತ್ತದೆ, ಮನೆಮಾತಿಗೆ ಆ ಸೌಕರ್ಯವಿಲ್ಲ.

ನಾಲ್ಕು ಸೆಷನ್‌ಗೊಮ್ಮೆ ಒಂದು ಚಿತ್ರ. ಪುಟದ ತುಂಬ ದೊಡ್ಡ ವೃತ್ತ ಎಳೆದು ಬದುಕಿನಲ್ಲಿ ಇರುವವರನ್ನೆಲ್ಲ ಅದರ ಗೆರೆಯ ಮೇಲೆ ಚಿಕ್ಕ ಉಂಗುರಗಳಾಗಿ ಕೂರಿಸಬೇಕು. ತೀರಿಹೋದವರಿಗೆ ಚುಕ್ಕೆ ಗೆರೆಯ ಉಂಗುರ. ಕ್ಲೈಂಟ್ ಕೂಡ ಗೆರೆಯ ಮೇಲೆಯೇ, ನೀವೂ ಗೆರೆಯ ಮೇಲೆಯೇ. ವಂಶವೃಕ್ಷದ ನಕ್ಷೆ ಕಲಿತವರ ಕೈ ತಾನಾಗಿಯೇ ಕ್ಲೈಂಟನ್ನು ನಡುವೆ ಇಟ್ಟು ಉಳಿದವರನ್ನು ಸುತ್ತ ತಿರುಗಿಸುತ್ತದೆ, ಸೂರ್ಯನ ಸುತ್ತ ಗ್ರಹಗಳಂತೆ. ಹಾಗೆ ಬಂದರೆ ಅಳಿಸಬೇಡಿ. ಪಕ್ಕದಲ್ಲಿ ಇನ್ನೊಂದು ಬರೆದು ಎರಡನ್ನೂ ಉಳಿಸಿ. ನಡುವೆ ಖಾಲಿ ಬಿಟ್ಟ ಜಾಗದಲ್ಲಿ ಏನಿದೆ ಎಂಬುದನ್ನು, ಸಾಲವೋ ಜಮೀನೋ ಒಂದು ಸಾವೋ, ಮುಂದಿನ ಸೆಷನ್‌ನಲ್ಲಿ ಅವರನ್ನೇ ಕೇಳಬಹುದು.

ಇನ್ನು ಏಳು ತತ್ವಗಳು. ಅಮೆರಿಕದ ಕಪ್ಪು ಚಿಂತಕ ಮೌಲಾನಾ ಕರೆಂಗಾ 1966ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕ್ವಾಂಜಾ ಹಬ್ಬದ ಜೊತೆ ಹೊರತಂದ ಸ್ವಾಹಿಲಿ ಹೆಸರಿನ ತತ್ವಗಳಿವು: ಉಮೋಜಾ ಎಂದರೆ ಒಗ್ಗಟ್ಟು, ಕುಜಿಚಾಗುಲಿಯಾ ಸ್ವನಿರ್ಣಯ, ಉಜಿಮಾ ಕೂಡಿ ದುಡಿದು ಕೂಡಿ ಹೊಣೆ ಹೊರುವುದು, ಉಜಾಮಾ ಸಹಕಾರದ ಅರ್ಥವ್ಯವಸ್ಥೆ, ನಿಯಾ ಗುರಿ, ಕೂಂಬಾ ಸೃಷ್ಟಿಶೀಲತೆ, ಇಮಾನಿ ನಂಬಿಕೆ. ಪ್ರತಿದಿನ ಏಳಕ್ಕೂ ಐದರಲ್ಲಿ ಇಷ್ಟು ಎಂದು ಅಂಕ ಹಾಕಿಕೊಳ್ಳುವವರಿದ್ದಾರೆ. ಬೇಡ. ಮೂರನೆಯ ವಾರಕ್ಕೆ ಎಲ್ಲ ಸಾಲಿನಲ್ಲೂ ನಾಲ್ಕು, ನಾಲ್ಕು, ನಾಲ್ಕು ಎಂದೇ ಬೀಳುತ್ತಿರುತ್ತದೆ, ಕೈ ಬರೆಯುತ್ತಿರುತ್ತದೆ, ತಲೆ ಮನೆಗೆ ಹೋಗಿರುತ್ತದೆ. ವಾರಕ್ಕೆ ಒಂದೇ ತತ್ವ ಹಿಡಿದು ಏಳು ವಾರ ನಡೆಸಿ, ಎಂಟನೆಯ ವಾರ ಯಾವುದೂ ಇಲ್ಲದೆ ಬಿಡುವುದು ಉತ್ತಮ. ಮತ್ತೂ ಒಂದು ಎಚ್ಚರ: ಕ್ವಾಂಜಾ ಮುಖ್ಯವಾಗಿ ಅಮೆರಿಕದ ಕಪ್ಪು ಜನರ ಹಬ್ಬ. ನೈಜೀರಿಯಾದ ಲಾಗೋಸಿನಿಂದ ಬಂದ ಹುಡುಗನಿಗೆ ಅದರ ಪರಿಚಯವೇ ಇಲ್ಲದಿರಬಹುದು. ಅಮೆರಿಕದ ಕಪ್ಪು ಮನಃಶಾಸ್ತ್ರ ಬೇರೆ, ದಕ್ಷಿಣ ಆಫ್ರಿಕಾದ ಕ್ವಾಜುಲು ನಟಾಲ್ ವಿಶ್ವವಿದ್ಯಾಲಯದ ಆಗಸ್ಟಿನ್ ನ್ವೋಯೆ ಮೊದಲಾದವರು ಖಂಡದೊಳಗಿಂದ ಕಟ್ಟುತ್ತಿರುವ ಆಫ್ರಿಕನ್ ಮನಃಶಾಸ್ತ್ರ ಬೇರೆ. ಗುಲಾಮಗಿರಿಯ ಗಾಯ ಮೊದಲನೆಯದರ ನಡುಬಿಂದು. ಭಾಷೆ, ವಸಾಹತು, ಹಳ್ಳಿ ಮತ್ತು ನಗರದ ನಡುವಿನ ಎಳೆದಾಟ ಎರಡನೆಯದರಲ್ಲಿ ಮುಂದೆ ಬರುತ್ತವೆ. ಇವತ್ತು ಬಳಸಿದ್ದು ಯಾವುದೆಂದು ಬಲಪುಟದ ತಲೆಯಲ್ಲಿ ಒಂದು ಪದದಲ್ಲಿ ಬರೆದಿಟ್ಟರೆ ಕಲಬೆರಕೆ ಕಡಿಮೆಯಾಗುತ್ತದೆ.

ಖಾಲಿ ಅಂಚಿನ ಕೆಲಸ 28ನೆಯ ದಿನ. ಘಾನಾದ ಅಕಾನ್ ಜನರ ‘ಸಂಕೋಫಾ’ ಹಕ್ಕಿಯ ಕಾಲು ಮುಂದಕ್ಕೆ, ಕೊರಳು ಹಿಂದಕ್ಕೆ. ಮರೆತು ಬಿಟ್ಟದ್ದನ್ನು ಹಿಂದಿರುಗಿ ತರುವುದರಲ್ಲಿ ತಪ್ಪಿಲ್ಲ ಎಂದು ಅದರ ಗಾದೆ. ಒಂದು ತಿಂಗಳ ಬಲಪುಟಗಳನ್ನು 45 ನಿಮಿಷ ಕೂತು ಓದಿ ಹಸಿರು ಶಾಯಿಯಲ್ಲಿ ಅಂಚಿನಲ್ಲಿ ಬರೆಯುವುದು, ಹಳೆಯದನ್ನು ಹೊಡೆದುಹಾಕುವಂತಿಲ್ಲ. ಹುಡುಕಬೇಕಾದದ್ದು ಏನು? ‘ಸಹಕರಿಸಲಿಲ್ಲ’, ‘ತಡವಾಗಿ ಬಂದರು’, ‘ಅವಲಂಬನೆ’, ‘ಅತಿ ಭಾವುಕ’, ‘ಮಾತೇ ಆಡಲ್ಲ’. ಪ್ರತಿಯೊಂದರ ಎದುರು ಈಗ ಗೊತ್ತಿರುವ ಸಂಗತಿ ಬರೆಯಬೇಕು. ‘ತಡವಾಗಿ ಬಂದರು’ ಎದುರು ‘ಎರಡು ಬಸ್ಸು ಬದಲಿಸಬೇಕು’ ಎಂದು ಬರಬಹುದು. ‘ಕಣ್ಣು ಕೊಟ್ಟು ಮಾತಾಡಲ್ಲ’ ಎದುರು ‘ಹಿರಿಯರ ಮುಂದೆ ಕಣ್ಣು ತಗ್ಗಿಸುವುದು ಅವರಲ್ಲಿ ಮರ್ಯಾದೆ’ ಎಂದು ಬರಬಹುದು, ಕನ್ನಡ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೊತೆಗೆ ಒಂದು ಎಣಿಕೆ: ಬೇರೆಯವರ ಹೆಸರು ಅಥವಾ ಸಂಬಂಧ ಎಷ್ಟು ಸಲ ಬಂದಿದೆ, ನೀವು ಎಷ್ಟು ಸಲ. ಕನ್ನಡದಲ್ಲಿ ‘ನಾನು’ ಎಂಬ ಪದ ಬರೆಯದೆಯೂ ‘ಕೇಳಿದೆ’, ‘ಹೇಳಿದೆ’, ‘ಅಂದುಕೊಂಡೆ’ ಎಂದು ಕ್ರಿಯಾಪದದ ಬಾಲದಲ್ಲಿ ಅದು ಅಡಗಿರುತ್ತದೆ, ಅದನ್ನೂ ಎಣಿಸಿ.

ಕೆಡುವುದು ಎಲ್ಲೆಲ್ಲಿ? ಒಂದು, ಡೈರಿ ಕೇಸ್ ಫೈಲಿನ ಎರಡನೆಯ ಪ್ರತಿಯಾಗುತ್ತದೆ. ಔಷಧ, ಅಪಾಯದ ಅಂದಾಜು, ಮುಂದಿನ ತಾರೀಖು ಎಲ್ಲ ಇದರಲ್ಲಿ ಬರಲು ಶುರುವಾದರೆ ನಿಮ್ಮನ್ನು ನೀವು ನೋಡುವುದು ನಿಂತಿತೆಂದು ಅರ್ಥ. ಅದಕ್ಕಿಂತ ಅಪಾಯದ್ದು ತಿರುಗಾಮುರುಗ: ಆತ್ಮಹತ್ಯೆಯ ಮಾತು, ಮಗುವಿನ ಮೇಲಿನ ದೌರ್ಜನ್ಯದ ಸುಳಿವು ಡೈರಿಯಲ್ಲಿ ಮಾತ್ರ ಇದ್ದು ಫೈಲಿಗೆ ಹೋಗದಿರುವುದು. ಅಂಥದ್ದು ಅದೇ ದಿನ ಫೈಲಿಗೆ, ಮೇಲ್ವಿಚಾರಕರ ಕಿವಿಗೆ ಹೋಗಬೇಕು. ಎರಡು, ತಪ್ಪೊಪ್ಪಿಗೆಯ ರೋಗ. ‘ನನ್ನಲ್ಲೂ ಬಣ್ಣದ ಮೇಲರಿಮೆ ಇದೆ, ಛೆ’ ಎಂದು ಪುಟಗಟ್ಟಲೆ ಬರೆದು ಹಗುರಾಗುವುದು. ಇದರಿಂದ ಹಗುರಾಗುವವರು ಬರೆದವರು ಮಾತ್ರ. ಬಂದವರ ಭಾರ ಅಲ್ಲೇ ಇರುತ್ತದೆ. ತಪ್ಪು ಕಂಡ ಪ್ರತಿ ಪುಟದ ಕೆಳಗೆ ಮುಂದಿನ ಸೆಷನ್‌ನಲ್ಲಿ ಮಾಡುವ ಒಂದು ಕೆಲಸ ಇರಲೇಬೇಕು, ಒಂದೇ ಸಾಲಿನಲ್ಲಿ: ಹೆಸರಿನ ಉಚ್ಚಾರಣೆ ಕೇಳಿ ಸರಿಪಡಿಸಿಕೊಳ್ಳುತ್ತೇನೆ, ಚಿಕ್ಕಮ್ಮನನ್ನು ಒಂದು ಸೆಷನ್‌ಗೆ ಕರೆಯಬಹುದೇ ಎಂದು ಕೇಳುತ್ತೇನೆ, ಹೀಗೆ.

ಮೂರನೆಯ ತೊಡಕು ಸ್ವಲ್ಪ ನಿಂತು ನೋಡಬೇಕಾದದ್ದು: ಸಮುದಾಯವನ್ನು ದೇವರ ಕೋಣೆ ಮಾಡಿಕೊಳ್ಳುವುದು. ಸಮುದಾಯ ಸಾಕುತ್ತದೆ, ಹೊರಗೂ ಹಾಕುತ್ತದೆ. ಉಗಾಂಡಾದಲ್ಲಿ 2023ರಲ್ಲಿ ಸಲಿಂಗಪ್ರೇಮದ ವಿರುದ್ಧ ಕಠಿಣ ಕಾನೂನು ಬಂತು. ಅಲ್ಲಿಂದ ಓದಲು ಬಂದ ಯುವಕನೊಬ್ಬ ತನ್ನ ಪ್ರೀತಿಯ ಬಗ್ಗೆ ಬಾಯಿಬಿಟ್ಟಾಗ ‘ನಿಮ್ಮ ದೇಶದ ವಿದ್ಯಾರ್ಥಿಗಳ ಸಂಘಕ್ಕೆ ಹೋಗಿ, ನಿಮ್ಮವರ ಜೊತೆ ಇರಿ’ ಎಂದರೆ ಅವನನ್ನು ತಪ್ಪಿಸಿಕೊಂಡು ಬಂದ ಬಾಯಿಗೇ ಮರಳಿ ತಳ್ಳಿದಂತೆ. ಹಾಗಾಗಿ ಮೊದಲ ಪ್ರಶ್ನೆಗೆ ಒಂದು ಮರಿಪ್ರಶ್ನೆ ಕಟ್ಟಿಕೊಳ್ಳಬೇಕು: ಕೋಣೆಯಲ್ಲಿ ಯಾರು ಇರುವುದು ಇವರಿಗೆ ಬೇಡ?

ನಾಲ್ಕನೆಯದು ಜೀವಕ್ಕೇ ಎರವಾಗಬಹುದಾದದ್ದು. ತೀರಿಹೋದ ಅಜ್ಜಿ ಮಾತಾಡಿಸುತ್ತಾಳೆ ಎಂದು ಒಬ್ಬರು ಹೇಳಿದರು. ಇದನ್ನು ಕೇಳಿದ ಕೂಡಲೇ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಮನೋರೋಗ) ಎಂದು ಬರೆಯುವುದು ಒಂದು ತಪ್ಪು. ಪೂರ್ವಿಕರ ಕರೆ ಎಂದು ಭಕ್ತಿಯಿಂದ ಕೈಮುಗಿದು ಚಿಕಿತ್ಸೆ ತಡಮಾಡುವುದು ಇನ್ನೊಂದು. ದಕ್ಷಿಣ ಆಫ್ರಿಕಾದಲ್ಲಿ ಸಂಗೋಮಾ, ಅಂದರೆ ಪಾರಂಪರಿಕ ವೈದ್ಯ, ಆಗಲು ಪೂರ್ವಿಕರಿಂದ ಬರುವ ಕರೆಯನ್ನು ‘ಉಕುಥ್ವಾಸ’ ಎನ್ನುತ್ತಾರೆ. ಅದಕ್ಕೆ ಗುರು, ಕಲಿಕೆ, ಕುಟುಂಬದ ಒಪ್ಪಿಗೆ ಎಲ್ಲ ಇರುತ್ತದೆ. ಪಾರಂಪರಿಕ ವೈದ್ಯರಿಗೆ ಆ ದೇಶದಲ್ಲಿ 2007ರ ಕಾನೂನೇ ಇದೆ. ಬಲಪುಟದಲ್ಲಿ ತೀರ್ಮಾನ ಬರೆಯುವ ಮೊದಲು ಎಡಪುಟದಲ್ಲಿ ಇಷ್ಟಕ್ಕೆ ಉತ್ತರ ಇರಬೇಕು: ದನಿ ಯಾವಾಗಿನಿಂದ, ಯಾವ ಸಂದರ್ಭದಲ್ಲಿ, ಮನೆಯ ಹಿರಿಯರು ಇದನ್ನು ಏನೆಂದು ಕರೆಯುತ್ತಾರೆ, ನಿದ್ದೆ, ಊಟ, ಓದು ಅಥವಾ ಕೆಲಸ ಹೇಗೆ ನಡೆದಿದೆ, ದನಿ ಹಾನಿ ಮಾಡು ಎನ್ನುತ್ತದೆಯೇ, ಕುಡಿತ ಅಥವಾ ಮಾದಕವಸ್ತು ಇದೆಯೇ. ಮನೆಯವರೇ ‘ಇದು ನಮ್ಮಲ್ಲಿ ಇರುವಂಥದ್ದಲ್ಲ’ ಎಂದರೆ, ನಿದ್ದೆ ಊಟ ಕೆಟ್ಟಿದ್ದರೆ, ದನಿ ಹಾನಿಗೆ ಹಚ್ಚುತ್ತಿದ್ದರೆ ಆವತ್ತೇ ಮನೋವೈದ್ಯರ ಬಳಿ ಕಳುಹಿಸಬೇಕು. ಐದನೆಯ ಆವೃತ್ತಿಯ ರೋಗಪಟ್ಟಿಯ ಜೊತೆ ಬರುವ 16 ಪ್ರಶ್ನೆಗಳ ಸಾಂಸ್ಕೃತಿಕ ಸಂದರ್ಶನ ಇಂಥಲ್ಲಿ ನಿಜಕ್ಕೂ ನೆರವಿಗೆ ಬರುತ್ತದೆ.

ಈಗ ತಲೆಬರಹದ ಮಾತು. ಮನುಷ್ಯ ಇತರರಿಂದ ಮನುಷ್ಯನಾಗುತ್ತಾನೆ ಎಂದು ಬರೆದು ಆ ಪುಸ್ತಕವನ್ನು ಒಬ್ಬರೇ ಓದಿ ಬೀರುವಿನಲ್ಲಿ ಇಟ್ಟರೆ ಬರೆದದ್ದಕ್ಕೂ ಮಾಡಿದ್ದಕ್ಕೂ ಸಂಬಂಧವಿಲ್ಲ. ಜುಲು ಭಾಷೆಯ ‘ಸವುಬೋನ’ ಎಂಬ ನಮಸ್ಕಾರದಲ್ಲಿ ನೋಡುವವರು ಬಹುವಚನದಲ್ಲಿದ್ದಾರೆ: ನಾವು ನಿನ್ನನ್ನು ಕಂಡೆವು. ಒಬ್ಬರ ಕಣ್ಣಿಗೆ ತನ್ನ ಕೋಲು ಕಾಣುವುದಿಲ್ಲ, ಅದು ಕಣ್ಣಿಗೇ ಅಂಟಿಕೊಂಡಿರುತ್ತದೆ. ಜಿಂಬಾಬ್ವೆಯ ಹರಾರೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ 2006ರಲ್ಲಿ ಅಜ್ಜಿಯರನ್ನು ಕಟ್ಟಿಕೊಂಡು ಆಸ್ಪತ್ರೆಯ ಅಂಗಳದ ಮರದ ಬೆಂಚಿನ ಮೇಲೆ ಸಮಾಲೋಚನೆ ಶುರು ಮಾಡಿದರಲ್ಲ, ಆ ‘ಫ್ರೆಂಡ್‌ಶಿಪ್ ಬೆಂಚ್’ನಲ್ಲೂ ಇದೇ ತಿಳಿವಳಿಕೆ. ಮನಸ್ಸು ತೆರೆಯುವುದು, ಮೇಲೆತ್ತುವುದು, ಗಟ್ಟಿ ಮಾಡುವುದು ಎಂಬ ಮೂರು ಹಂತಕ್ಕೂ ಶೋನಾ ಹೆಸರಿವೆ: ‘ಕುವ್ಹುರ ಪ್ಫುಂಗ್ವ’, ‘ಕುಸಿಮುದ್ಜಿರ’, ‘ಕುಸಿಂಬಿಸ’. ಬೆಂಚಿನ ಮಾತು ಮುಗಿದ ಮೇಲೆ ಬಂದವರನ್ನು ‘ಕುಬಟನ ಟೋಸೆ’, ಅಂದರೆ ಎಲ್ಲರೂ ಕೈಹಿಡಿಯುವುದು, ಎಂಬ ಗುಂಪಿಗೆ ಸೇರಿಸುತ್ತಾರೆ. 24 ಚಿಕಿತ್ಸಾಲಯಗಳ 573 ಜನರ ಮೇಲೆ ನಡೆದ ಅದರ ಪರೀಕ್ಷೆ 2016ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಆರು ತಿಂಗಳಿಗೆ ಬೆಂಚಿನವರ ಲಕ್ಷಣಗಳು ಮಾಮೂಲಿ ಚಿಕಿತ್ಸೆಯವರಿಗಿಂತ ಕಡಿಮೆಯಿದ್ದವು. ಬಂದವರಿಗೆ ಗುಂಪು ಬೇಕೆಂದಾದರೆ ಸಮಾಲೋಚಕರಿಗೆ ಏಕೆ ಬೇಡ?

ಗುಂಪು ಮೂವರಿಂದ ಐವರದ್ದಿರಲಿ. ಹದಿನೈದು ದಿನಕ್ಕೊಮ್ಮೆ 90 ನಿಮಿಷ. ತಲಾ 12 ನಿಮಿಷ ಓದು, ಬಲಪುಟ ಮಾತ್ರ. ಎಡಪುಟದ ಮೇಲೆ ರಟ್ಟು ಮುಚ್ಚಿರಬೇಕು. ಮೊದಲ ಸುತ್ತಿನಲ್ಲಿ ಯಾರೂ ಸಲಹೆ ಕೊಡಬಾರದು, ಕೇಳಿದ ಒಂದು ವಾಕ್ಯವನ್ನು ಹಾಗೇ ತಿರುಗಿ ಹೇಳಬೇಕು. ಎರಡನೆಯ ಸುತ್ತಿನಲ್ಲಿ ಒಂದೇ ಪ್ರಶ್ನೆ: ಇಲ್ಲಿ ಕೋಲು ಯಾವುದು? ಸಲಹೆಗಳು ಮೊದಲೇ ಶುರುವಾದರೆ ಓದಿದವರು ಮುಂದಿನ ಸಲ ಚೆಂದದ ಪುಟ ಆರಿಸಿಕೊಂಡು ಬರುತ್ತಾರೆ, ಗುಂಪು ಅಲ್ಲಿಗೆ ಸತ್ತಿತು. ಪಶ್ಚಿಮ ಆಫ್ರಿಕಾದಲ್ಲೂ ಅಮೆರಿಕದ ಕಪ್ಪು ಸಭೆಗಳಲ್ಲೂ ಪೂರ್ವಿಕರ ಹೆಸರು ಹೇಳಿ ನೆಲಕ್ಕೆ ನೀರೆರೆದು ಶುರು ಮಾಡುವ ಪದ್ಧತಿಯಿದೆ. ಅದು ನಿಮ್ಮದಲ್ಲದಿದ್ದರೆ ನಟಿಸುವುದು ಬೇಡ. ಈ ವಿದ್ಯೆ ಯಾರಿಂದ ಬಂತೋ ಅವರ ಹೆಸರು ಹೇಳಿದರೆ ಸಾಕು. ಮೂರು ತಿಂಗಳಿಗೊಮ್ಮೆ ಆ ಸಮುದಾಯದ ಹಿರಿಯರೊಬ್ಬರನ್ನು ಕರೆದು ಪದ, ಪದ್ಧತಿಗಳ ಬಗ್ಗೆ ಮಾತ್ರ ಕೇಳಬಹುದು, ಕೇಸುಗಳ ಸುಳಿವು ಕೊಡದೆ. ಅವರಿಗೆ ಗೌರವಧನ ಕೊಡಲೇಬೇಕು. ತಜ್ಞ ವೈದ್ಯರು ಉಪನ್ಯಾಸಕ್ಕೆ ಬಂದರೆ ಲಕೋಟೆ, ಹಿರಿಯರು ಬಂದರೆ ಶಾಲು ಹಣ್ಣು ಎನ್ನುವ ಲೆಕ್ಕ ನಾಲ್ಕನೆಯ ಪ್ರಶ್ನೆಯಲ್ಲೇ ಫೇಲಾಗುತ್ತದೆ.

ಗೌಪ್ಯತೆ? ಗುಂಪಿನಲ್ಲಿ ಓದುವುದೆಂದರೆ ಮೊದಲು ಏಳುವ ಆಕ್ಷೇಪ ಇದೇ, ನ್ಯಾಯವಾದ ಆಕ್ಷೇಪ. ಗೌಪ್ಯತೆ ರೋಗಿಯ ಹಕ್ಕೆಂದು ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಹೆಸರಿನ ಮೊದಲಕ್ಷರ ಬರೆದರೆ ಸಾಕೆಂದು ತಿಳಿಯುವುದು ತಪ್ಪು. ಒಂದು ಕಾಲೇಜಿನಲ್ಲಿ ಒಂದು ದೇಶದವರು ನಾಲ್ಕೇ ಜನ ಇದ್ದರೆ ದೇಶದ ಹೆಸರೇ ಗುರುತಾಗುತ್ತದೆ. ಎಡಪುಟಕ್ಕೆ ಒಂದು ಸಂಖ್ಯೆ, ಸಂಖ್ಯೆ ಯಾರದೆಂಬ ಪಟ್ಟಿ ಬೇರೆ ಬೀಗದಲ್ಲಿ. ಬಲಪುಟದಲ್ಲಿ ದೇಶ, ಕೋರ್ಸು, ವಯಸ್ಸು, ಬಡಾವಣೆ ಇರಬಾರದು. ಹಾಗೆಂದು ಬಲಪುಟದಲ್ಲಿ ‘ಒಬ್ಬ ಆಫ್ರಿಕನ್’ ಎಂದು ಬರೆದರೆ 54 ದೇಶಗಳನ್ನು ಒಂದು ಚೀಲಕ್ಕೆ ಹಾಕಿದಂತೆ. ‘ಈಕೆ’, ‘ಈತ’ ಎಂದರೆ ಆಯಿತು. ಇಂಥ ಗುಂಪಿನಲ್ಲಿ ನನ್ನ ಕೆಲಸವನ್ನು ಚರ್ಚಿಸುತ್ತೇನೆ, ನಿಮ್ಮ ಗುರುತು ಬರುವುದಿಲ್ಲ ಎಂದು ಮೊದಲ ಸೆಷನ್‌ನಲ್ಲೇ ಹೇಳಿ ಒಪ್ಪಿಗೆ ಪಡೆಯಬೇಕು. ಒಲ್ಲೆ ಎಂದವರ ಪುಟ ಓದುವಂತಿಲ್ಲ. ಫೋನಿನ ನೋಟ್ಸ್ ಆ್ಯಪ್ ಬೇಡ, ತಾನಾಗಿ ಬ್ಯಾಕಪ್ ಆಗಿ ಮನೆಯ ಟ್ಯಾಬಿನಲ್ಲಿ ಮಗಳ ಕಣ್ಣಿಗೆ ಬೀಳುತ್ತದೆ. ಪುಟದ ಫೋಟೊ ವಾಟ್ಸ್ಆ್ಯಪ್ ಗುಂಪಿಗೆ ಹೋಗಬಾರದೆಂದು ಬೇರೆ ಹೇಳಬೇಕೆ?

ಇದೆಲ್ಲ ದೂರದ ಮಾತಲ್ಲ. ಬೆಂಗಳೂರಿನಲ್ಲಿ ಆಫ್ರಿಕಾದ ಹಲವು ದೇಶಗಳ ವಿದ್ಯಾರ್ಥಿಗಳು ಓದುತ್ತಿದ್ದಾರೆ. 2016ರ ಜನವರಿ ಕೊನೆಯಲ್ಲಿ ಹೆಸರಘಟ್ಟ ರಸ್ತೆಯ ಬಳಿ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿದ್ದನ್ನು ಪತ್ರಿಕೆ ಓದುವವರು ಮರೆತಿರಲಾರರು. ಆ ಊರಿನಲ್ಲಿ ಒಬ್ಬ ವಿದ್ಯಾರ್ಥಿ ‘ಸಂಜೆ ಹೊರಗೆ ಹೋಗಲು ಹೆದರಿಕೆ’ ಎಂದರೆ, ವೀಸಾ ನೋಂದಣಿ ಕಚೇರಿಗೆ ಹೋಗುವ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ ಎಂದರೆ, ಬಲಪುಟದಲ್ಲಿ ‘ಆತಂಕದ ಕಾಯಿಲೆ’ ಎಂದು ಬರೆಯುವ ಮೊದಲು ಆ ಭಯಕ್ಕೆ ಬೀದಿಯಲ್ಲಿ ಎಷ್ಟು ಆಧಾರವಿದೆ ಎಂದು ಬರೆಯಬೇಕು. ಅವರ ಬಗ್ಗೆ ಮನೆಯಲ್ಲಿ, ಆಟೋದಲ್ಲಿ, ಆಸ್ಪತ್ರೆಯ ಕಾರಿಡಾರಿನಲ್ಲಿ ನಾವು ಬಳಸುವ ಕನ್ನಡ ಪದಗಳನ್ನೂ ಒಮ್ಮೆ ಬಲಪುಟದಲ್ಲಿ ಬರೆದು ನೋಡಬೇಕು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿಗಳ ವಿಷಯ ಇದಕ್ಕಿಂತ ಸೂಕ್ಷ್ಮ. ಅವರ ಹಿರೀಕರು ಆಫ್ರಿಕಾದಿಂದ ಬಂದವರು ನಿಜ; 2003ರಲ್ಲಿ ಆ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಆದರೆ ಶತಮಾನಗಳಿಂದ ಇಲ್ಲಿಯವರು, ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ. ಕೊಂಕಣಿ, ಕನ್ನಡ, ಮರಾಠಿ, ಉರ್ದು ಆಡುತ್ತಾರೆ. ಮೈಬಣ್ಣ ನೋಡಿ ಅವರಿಗೆ ಜುಲು ಗಾದೆ ಓದಿಸುವುದು ಅಮೆರಿಕದ ಕೈಪಿಡಿಯನ್ನು ಲಾಗೋಸಿನ ಹುಡುಗನಿಗೆ ಓದಿಸಿದಷ್ಟೇ ತಪ್ಪು. ಅವರಲ್ಲಿ ಹಿರಿಯರ ಪೂಜೆಯಿದೆ, ತೆಂಗಿನಕಾಯಿಯಲ್ಲಿ ಹಿರಿಯರನ್ನು ಕಾಣುತ್ತಾರೆ, ದಮ್ಮಾಮಿ ಡೋಲಿನ ಬಡಿತವಿದೆ. ಇದನ್ನು ಕೇಳಿದೊಡನೆ ಕನ್ನಡದ ಸಮಾಲೋಚಕರ ಬಾಯಿಗೆ ಬರುವ ಮಾತು ‘ಓ, ಇದು ನಮ್ಮಲ್ಲೂ ಇದೆ, ಪಕ್ಷದಲ್ಲಿ ಎಡೆ ಇಡುತ್ತೇವಲ್ಲ’. ಇರಬಹುದು. ಆದರೆ ಹಾಗೆ ಅನ್ನಿಸಿದ ಕ್ಷಣದಿಂದ ಕೇಳುವುದು ನಿಲ್ಲುತ್ತದೆ. ‘ನಮ್ಮಲ್ಲೂ ಇದೆ’ ಎಂದು ಅನ್ನಿಸಿದ ಪ್ರತಿ ಸಲ ಬಲಪುಟದಲ್ಲಿ ಆ ಮಾತನ್ನು ಬರೆದು, ಎದುರಿನ ಎಡಪುಟದಲ್ಲಿ ಮೂರು ಸಾಲು ಖಾಲಿ ಬಿಡಿ. ಮುಂದಿನ ಸೆಷನ್‌ನಲ್ಲಿ ‘ನಿಮ್ಮ ಮನೆಯಲ್ಲಿ ಅದು ಹೇಗೆ ನಡೆಯುತ್ತದೆ’ ಎಂದು ಕೇಳಿ, ಅವರು ಹೇಳಿದಂತೆ ಅದನ್ನು ತುಂಬಿ.

– ಇಬ್ಬರು ಆಪ್ತಸಮಾಲೋಚಕರು, ಬೆಂಗಳೂರು